ಬಾಸ್ ಬೇಡ, ಬಾಸಿನ ಗಾಳ ಸಾಕು

(ಹಾಸನದಲ್ಲಿ ಗಾಳ ಹಾಕುವ ಹವ್ಯಾಸವಿರುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಮುಕ್ಕಾಲು ಪಾಲು ಜನ ಅಮೆರಿಕದವರು ಬಾಸ್ ಮೀನು ಹಿಡಿಯುವ ವಿಡಿಯೊ ನೋಡಿಯೇ ರಾಡು, ರೀಲು ಕೊಂಡವರು. ಆಗಲೇ ಬಾಗಿಲ ಹತ್ತಿರ ನಿಮ್ಮ ಡಬ್ಬಿಗಳನ್ನು ತೆರೆಸಿ ನೋಡಿದೆ. ಪಾಪರ್, ಸ್ಪಿನ್ನರ್‌ಬೇಟ್, ಕ್ರ್ಯಾಂಕ್‌ಬೇಟ್, ರಬ್ಬರ್ ಹುಳ, ರಬ್ಬರ್ ಕಪ್ಪೆ, ಹೀಗೆ ಮೀನನ್ನು ಮರುಳು ಮಾಡುವ ನಕಲಿ ತಿನಿಸುಗಳೆಲ್ಲವೂ ಇದ್ದವು. ಇವುಗಳಲ್ಲಿ ಹೆಚ್ಚಿನವು ಬಾಸ್ ಎಂಬ ಒಂದು ಮೀನನ್ನು ಕಣ್ಣ ಮುಂದಿಟ್ಟುಕೊಂಡು ಬೆಳೆದ ಸಾಮಾನು. ಆ ಮೀನು ನಮ್ಮ ನೀರಿನದಲ್ಲ. ಆದರೂ ಆ ಸಾಮಾನು ಹೇಮಾವತಿಯ ಹಿನ್ನೀರಿನಲ್ಲಿ, ಬೇಲೂರು ಕಡೆಯ ಕೆರೆಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಯಾಕೆ ನಡೆಯುತ್ತದೆ ಎಂಬುದು ಗೊತ್ತಾದರೆ ಡಬ್ಬಿಯಲ್ಲಿರುವ ಅರ್ಧ ಸಾಮಾನು ಮನೆಯಲ್ಲೇ ಬಿಟ್ಟು ಬರಬಹುದು.

ನಾನು ಗಾಳ ಕಲಿತದ್ದು ಅಜ್ಜನಿಂದ. ಬಿದಿರ ಗಳು, ತಂಗೂಸಿ ದಾರ, ನವಿಲುಗರಿ ದಂಟಿನ ಬೆಂಡು, ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣು, ಅದರೊಳಗೆ ಎರೆಹುಳ. ಕೆರೆ ಏರಿಯ ಕಲ್ಲಿನ ಮೇಲೆ ಕೂತರೆ ಅಜ್ಜ ಎರಡು ಗಂಟೆ ಒಂದು ಮಾತೂ ಆಡುತ್ತಿರಲಿಲ್ಲ. ಬೆಂಡು ನಡುಗಿದರೆ ಜಿಲೇಬಿ (ತಿಲಾಪಿಯಾ ಮೀನು), ಪಕ್ಕಕ್ಕೆ ಜಾರಿದರೆ ಗೆಂಡೆ, ಒಮ್ಮೆಗೇ ಮುಳುಗಿದರೆ ಕುಚ್ಚು ಎಂದು ಬೆಂಡನ್ನು ನೋಡಿಯೇ ಹೇಳುತ್ತಿದ್ದರು. ಅಲ್ಲಿ ನಾವು ಒಂದು ಕಡೆ ಕೂತು ಮೀನು ಬರಲಿ ಎಂದು ಕಾಯುತ್ತೇವೆ. ನಕಲಿ ಮೀನಿನ ಗಾಳದಲ್ಲಿ ನಾವೇ ಮೀನು ಇರುವ ಕಡೆ ನಡೆಯಬೇಕು. ವ್ಯತ್ಯಾಸ ಇಷ್ಟೇ ಅನ್ನಿಸಬಹುದು, ಆದರೆ ಇದರಿಂದ ಎಲ್ಲವೂ ಬದಲಾಗುತ್ತದೆ. ಎರೆಹುಳಕ್ಕೆ ವಾಸನೆ ಇದೆ, ರುಚಿ ಇದೆ. ಮರದ ತುಂಡಿಗೆ ಅದ್ಯಾವುದೂ ಇಲ್ಲ. ಅದಕ್ಕಿರುವುದು ನಡಿಗೆ ಮಾತ್ರ. ಆ ನಡಿಗೆಯನ್ನು ಕೊಡಬೇಕಾದದ್ದು ನಿಮ್ಮ ಮಣಿಕಟ್ಟು.

ಫಿನ್ಲೆಂಡಿನಲ್ಲಿ ಲೌರಿ ರಪಾಲಾ ಎಂಬ ಬಡ ಮೀನುಗಾರರಿದ್ದರು. ದೋಣಿಯಲ್ಲಿ ಕೂತು ಸರೋವರದ ನೀರನ್ನೇ ನೋಡುತ್ತಾ ಅವರು ಒಂದು ವಿಷಯ ಕಂಡುಕೊಂಡರು. ಸಣ್ಣ ಮೀನಿನ ಹಿಂಡು ಹೋಗುವಾಗ ದೊಡ್ಡ ಮೀನು ಸಿಕ್ಕಸಿಕ್ಕದ್ದಕ್ಕೆ ಬಾಯಿ ಹಾಕುವುದಿಲ್ಲ, ಹಿಂಡಿನಲ್ಲಿ ಓಲಾಡಿಕೊಂಡು ಈಜುವ ಒಂದನ್ನೇ ಆರಿಸಿಕೊಂಡು ಹಿಡಿಯುತ್ತದೆ. 1936ರಲ್ಲಿ ಅವರು ಕಾರ್ಕಿನ ತುಂಡನ್ನು ಕೆತ್ತಿ, ಚಾಕೊಲೇಟಿನ ಮೇಲೆ ಸುತ್ತಿದ್ದ ಬೆಳ್ಳಿ ಕಾಗದ ಅಂಟಿಸಿ, ಫೋಟೊ ನೆಗೆಟಿವ್ ಕರಗಿಸಿ ಅದನ್ನೇ ಮೆರುಗಾಗಿ ಬಳಿದು ಒಂದು ಮೀನು ಮಾಡಿದರು. ಅದು ನೀರಿನಲ್ಲಿ ಓಲಾಡುತ್ತಿತ್ತು. ಇವತ್ತು ಪ್ರಪಂಚದ ತುಂಬಾ ಮಾರಾಟವಾಗುವ ಆ ಹೆಸರಿನ ಗಾಳಗಳ ಮೂಲ ಅದೇ ಕಾರ್ಕಿನ ತುಂಡು. ಅಮೆರಿಕದ ಮಿಷಿಗನ್ನಿನಲ್ಲಿ ಜೇಮ್ಸ್ ಹೆಡನ್ ಎಂಬವರು ಅದಕ್ಕೂ ಸುಮಾರು 40 ವರ್ಷ ಮೊದಲೇ ಮರದ ಕಪ್ಪೆ ಕೆತ್ತಿ ಬಾಸ್ ಹಿಡಿದಿದ್ದರು. 1949ರ ಹೊತ್ತಿಗೆ ಒಹಾಯೋದ ನಿಕ್ ಕ್ರೀಮ್ ಮೆತ್ತನೆಯ ಪ್ಲಾಸ್ಟಿಕ್ ಹುಳ ತಂದರು. ಇವರಲ್ಲಿ ಯಾರೂ ಕಾರ್ಖಾನೆಯಲ್ಲಿ ಕೂತು ಶುರು ಮಾಡಿದವರಲ್ಲ, ನೀರಿನ ಪಕ್ಕ ಕೂತು ನೋಡಿದವರು. ನನ್ನ ಅಜ್ಜನಿಗೂ ಲೌರಿ ರಪಾಲಾ ಅವರಿಗೂ ಮಾತು ಕೂಡುತ್ತಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನು ಬಾಸ್ ಎಂಬ ಮೀನು. ಅಗಲ ಬಾಯಿ, ಅಟ್ಟಿಸಿಕೊಂಡು ದೂರ ಓಡುವ ಅಭ್ಯಾಸ ಕಡಿಮೆ. ಜೊಂಡಿನ ಸಂದಿಯಲ್ಲೋ, ಮುಳುಗಿದ ಮರದ ನೆರಳಿನಲ್ಲೋ ಅಲುಗಾಡದೆ ನಿಂತಿದ್ದು, ಹತ್ತಿರ ಬಂದದ್ದನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಈಗ ನಮ್ಮ ಕುಚ್ಚನ್ನು ನೆನಪು ಮಾಡಿಕೊಳ್ಳಿ. ಕೆಲವು ಊರಲ್ಲಿ ಕೊರವ ಮೀನು ಎನ್ನುತ್ತಾರೆ, ಮೀನಿನ ಅಂಗಡಿಯಲ್ಲಿ ಮುರ್ರೆಲ್. ಅದೂ ಅಗಲ ಬಾಯಿಯದು, ಅದೂ ತಾವರೆ ಎಲೆಯ ಕೆಳಗೆ ಹೊಂಚು ಹಾಕಿ ನಿಲ್ಲುವಂಥದು, ಅದೂ ಕಪ್ಪೆ ಕಂಡರೆ ಬಿಡುವುದಿಲ್ಲ. ಕುಲಕ್ಕೆ ಕುಲ ಸಂಬಂಧವಿಲ್ಲ, ನಡತೆ ಮಾತ್ರ ಒಂದೇ. ಅದಕ್ಕೇ ಅಲ್ಲಿಯ ಗಾಳ ಇಲ್ಲಿ ನಡೆಯುವುದು.

ಒಂದು ದೊಡ್ಡ ವ್ಯತ್ಯಾಸ ಇದೆ, ಅದು ನಮಗೆ ಅನುಕೂಲದ್ದು. ಕುಚ್ಚು ಗಾಳಿ ಕುಡಿಯುವ ಮೀನು. ಕಿವಿರು ಒಂದೇ ಅದಕ್ಕೆ ಸಾಲದು, ತಲೆಯೊಳಗೆ ಗಾಳಿಗೆಂದೇ ಒಂದು ಅಂಗವಿದೆ. ಆಗಾಗ ಮೇಲೆ ಬಂದು ಗುಟುಕು ಗಾಳಿ ತೆಗೆದುಕೊಂಡು ಹೋಗಲೇಬೇಕು. ಬಾಸ್ ಹಿಡಿಯುವವನಿಗೆ ಮೀನು ಎಲ್ಲಿದೆ ಎಂದು ಊಹಿಸುವುದೇ ಕೆಲಸ, ನಮಗೆ ಮೀನೇ ಬಂದು ಹೇಳಿಹೋಗುತ್ತದೆ. ಕೆರೆಗೆ ಹೋದ ತಕ್ಷಣ ಗಾಳ ಬೀಸಬೇಡಿ. ತೂಬಿನ ಹತ್ತಿರವೋ ಕೋಡಿಯ ಹತ್ತಿರವೋ ಒಂದು ಮರದ ಮರೆಗೆ ನಿಂತು 15 ನಿಮಿಷ ನೀರು ನೋಡಿ. ಜೊಂಡಿನ ಅಂಚಿನಲ್ಲಿ ಒಂದು ಉಂಗುರ ಏಳುತ್ತದೆ, ಅದರ ನಡುವೆ ಎರಡು ಮೂರು ಗುಳ್ಳೆ ನಿಲ್ಲುತ್ತವೆ. ಅದೇ ಕುಚ್ಚು. ಅದು ದೂರ ಹೋಗುವುದಿಲ್ಲ, ಅಲ್ಲೇ ಕೆಳಗೆ ಇಳಿದು ನಿಂತಿರುತ್ತದೆ.

ಈಗ ಕಪ್ಪೆಯ ವಿಷಯ. ನನ್ನ ಡಬ್ಬಿಯಲ್ಲಿ ಒಂದೇ ಒಂದು ಗಾಳ ಉಳಿಸಿಕೊಳ್ಳಿ ಎಂದರೆ ಒಳಗೆ ಟೊಳ್ಳಿರುವ ಈ ರಬ್ಬರ್ ಕಪ್ಪೆಯನ್ನೇ ಉಳಿಸಿಕೊಳ್ಳುತ್ತೇನೆ. ಕೈಯಲ್ಲಿ ಹಿಡಿದು ನೋಡಿ. ಹಿಂದಿನಿಂದ ಎರಡು ಗಾಳದ ಕೊಕ್ಕೆಗಳು ಮೇಲ್ಮುಖವಾಗಿ ಬಂದು ಬೆನ್ನಿಗೆ ಒರಗಿಕೊಂಡಿವೆ. ಬೆರಳು ಸವರಿದರೆ ಚುಚ್ಚುವುದಿಲ್ಲ. ತಾವರೆ ಎಲೆಯ ಮೇಲೆ, ಅಂತರಗಂಗೆಯ ಮೇಲೆ, ಪಾಚಿಯ ಮೇಲೆ ಎಳೆದರೆ ಎಲ್ಲೂ ಸಿಕ್ಕಿಕೊಳ್ಳದೆ ಜಾರಿಬರುತ್ತದೆ. ಮೀನು ಕಚ್ಚಿದಾಗ ಟೊಳ್ಳು ಮೈ ಅಮುಕಿಕೊಂಡು ಕೊಕ್ಕೆಗಳು ಹೊರಗೆ ಬರುತ್ತವೆ. ಇಷ್ಟೇ ಅದರ ಯಂತ್ರ. ಹೊಸ ಕಪ್ಪೆ ತಂದಾಗ ನಾನು ಮಾಡುವುದು ಒಂದೇ ಕೆಲಸ, ಹಿಂದಿನ ರಬ್ಬರ್ ಎಳೆಗಳನ್ನು ಕತ್ತರಿಯಲ್ಲಿ ಸ್ವಲ್ಪ ಮೊಟಕು ಮಾಡುತ್ತೇನೆ. ಉದ್ದ ಎಳೆ ನೀರನ್ನು ಹಿಡಿದುಕೊಳ್ಳುತ್ತದೆ. ಮೊಟಕಾದರೆ ರಾಡಿನ ತುದಿ ಕುಟುಕಿದಂತೆಲ್ಲ ಕಪ್ಪೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮೂತಿ ತಿರುಗಿಸುತ್ತದೆ.

ಗುಳ್ಳೆ ಎದ್ದ ಜಾಗದ ತಲೆಯ ಮೇಲೆ ಹಾಕಬೇಡಿ, ಅದು ಬೆದರುತ್ತದೆ. ನಾಲ್ಕು ಮಾರು ಆಚೆಗೆ ಬೀಳಿಸಿ. ಸಾಧ್ಯವಾದರೆ ನೀರಿಗೆ ಬೀಳಿಸುವುದೇ ಬೇಡ, ಎಲೆಯ ಮೇಲೆ ಬೀಳಿಸಿ. ನಿಜವಾದ ಕಪ್ಪೆ ಏನು ಮಾಡುತ್ತದೆ? ಎಲೆಯ ಮೇಲೆ ಕೂತು ಸುಮ್ಮನಿರುತ್ತದೆ. ನೀವೂ ಸುಮ್ಮನಿರಿ. ಆಮೇಲೆ ದಾರ ಸಡಿಲವಿರುವಾಗಲೇ ರಾಡಿನ ತುದಿಯನ್ನು ಎರಡು ಸಲ ಕುಟುಕಿ. ಕಪ್ಪೆ ಎಲೆಯ ಅಂಚಿಗೆ ಬಂದು ತೊಪ್ಪನೆ ನೀರಿಗೆ ಬೀಳುತ್ತದೆ. ಆಗ ಮತ್ತೆ ನಿಲ್ಲಿಸಿ. ಉಂಗುರಗಳೆಲ್ಲ ಹರಡಿ ನೀರು ತಿಳಿಯಾಗುವವರೆಗೆ ಕೈ ಅಲುಗಬಾರದು. ಹೊಸಬರು ಸೋಲುವುದು ಇಲ್ಲೇ, ಅವರಿಗೆ ರೀಲು ಸುತ್ತುವುದೇ ಕೆಲಸ ಅನ್ನಿಸಿರುತ್ತದೆ. ನಿಲ್ಲಿಸುವುದೇ ಕೆಲಸ. ನನಗೆ ಬಿದ್ದ ದೊಡ್ಡ ಕುಚ್ಚುಗಳಲ್ಲಿ ಹೆಚ್ಚಿನವು ಕಪ್ಪೆ ನಿಂತಿದ್ದಾಗ ಬಿದ್ದವು.

ಕುಚ್ಚು ಹೊಡೆಯುವ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ, ಬಾವಿಗೆ ತೆಂಗಿನಕಾಯಿ ಬಿದ್ದ ಹಾಗೆ. ಆ ಸದ್ದಿಗೆ ಕೈ ತಾನಾಗಿ ರಾಡು ಎಳೆಯುತ್ತದೆ, ಕಪ್ಪೆ ಮೀನಿನ ಬಾಯಿಂದ ಹಾರಿ ನಿಮ್ಮ ಕಾಲ ಬಳಿ ಬಂದು ಬೀಳುತ್ತದೆ. ಕಪ್ಪೆ ಮಾಯವಾದ ಮೇಲೆ ‘ಒಂದು, ಎರಡು’ ಎಂದು ಬಾಯಿಬಿಟ್ಟು ಎಣಿಸಿ. ರಾಡು ತಗ್ಗಿಸಿ ಸಡಿಲ ದಾರವನ್ನು ಸುತ್ತಿಕೊಳ್ಳಿ. ಕೈಗೆ ಭಾರ ತಿಳಿದ ಮೇಲೆ ಮೇಲಕ್ಕೆ ಜಗ್ಗಿ, ಆಮೇಲೆ ಒಂದು ಕ್ಷಣವೂ ಸಡಿಲ ಕೊಡಬೇಡಿ. ಸಡಿಲ ಸಿಕ್ಕರೆ ಅದು ತಾವರೆಯ ದಂಟುಗಳಿಗೆ ಸುತ್ತಿ ಗಂಟು ಹಾಕಿಬಿಡುತ್ತದೆ. ಇದಕ್ಕೇ ಹೆಣೆದ ದಾರ ಬೇಕು ಅನ್ನುವುದು. ನಲವತ್ತು ಐವತ್ತು ಪೌಂಡು ಭಾರ ತಡೆಯುವ ಹೆಣೆದ ದಾರ ಹಿಗ್ಗುವುದಿಲ್ಲ, ಜೊಂಡನ್ನು ಕತ್ತರಿಸಿಕೊಂಡೇ ಬರುತ್ತದೆ. ತಂಗೂಸಿ ಹಿಗ್ಗುತ್ತದೆ, ಬೆಂಡಿನ ಗಾಳಕ್ಕೆ ಅದು ಸರಿ, ಕಪ್ಪೆಗೆ ಸಾಲದು. ರಾಡು ಏಳಡಿಯದು, ಬೆನ್ನು ಗಟ್ಟಿ ಇರುವಂಥದು.

ಬಣ್ಣ ಯಾವುದು ಎಂದು ಎಲ್ಲರೂ ಕೇಳುತ್ತೀರಿ. ಅಂಗಡಿಯವರು ನಿಮಗೆ 20 ಬಣ್ಣ ಮಾರುತ್ತಾರೆ. ಕಪ್ಪೆ ನೀರಿನ ಮೇಲಿದೆ, ಮೀನು ಕೆಳಗಿನಿಂದ ನೋಡುತ್ತಿದೆ, ಅದಕ್ಕೆ ಕಾಣುವುದು ಆಕಾಶದ ಎದುರಿನ ಒಂದು ನೆರಳು. ಮುಂಜಾನೆ, ಸಂಜೆ, ಮೋಡದ ದಿನ, ಕೆಂಪು ನೀರು ಇದ್ದರೆ ಕಪ್ಪು ಬಣ್ಣದ್ದು, ನೆರಳು ಗಾಢವಾಗಿ ಕಾಣುತ್ತದೆ. ಬಿಸಿಲಿದ್ದು ತಿಳಿ ನೀರಿದ್ದರೆ ಹಸಿರೋ ಬಿಳಿಯೋ. ಎರಡು ಸಾಕು. ಕತ್ತಲಲ್ಲೂ ಮೀನು ಹೊಡೆಯುವುದು ಹೇಗೆಂದರೆ ಅದರ ಪಕ್ಕೆಯ ಉದ್ದಕ್ಕೂ ನೀರಿನ ಅಲುಗಾಟ ತಿಳಿಯುವ ಒಂದು ಗೆರೆ ಇದೆ. ಕಪ್ಪೆ ಇಟ್ಟ ಹೆಜ್ಜೆ ಅದರ ಮೈಗೆ ತಿಳಿಯುತ್ತದೆ. ನೀವು ದಡದಲ್ಲಿ ಧಡಧಡ ನಡೆದದ್ದೂ ತಿಳಿಯುತ್ತದೆ.

ಹೊತ್ತಿನ ಬಗ್ಗೆ ಒಂದು ಮಾತು. ವಿಡಿಯೊದಲ್ಲಿ ಬೆಳಕು ಹರಿಯುವ ಮೊದಲೇ ನೀರಿಗೆ ಹೋಗಿ ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳಿಗೆ ಅದು ನಿಜ. ಆದರೆ ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 970 ಮೀಟರ್ ಮೇಲೆ, ಚಿಕ್ಕಮಗಳೂರಿನವರು ಇನ್ನೂ ಮೇಲೆ. ಡಿಸೆಂಬರ್, ಜನವರಿಯಲ್ಲಿ ಮಂಜು ಬಿದ್ದ ಬೆಳಿಗ್ಗೆ ಕೆರೆಯ ಅಂಚಿನ ತೆಳು ನೀರು ಕೊರೆಯುತ್ತಿರುತ್ತದೆ. ಮೀನಿನ ರಕ್ತ ನೀರಿನಷ್ಟೇ ತಣ್ಣಗೆ. ಅದು ಅಲುಗುವುದೇ ಇಲ್ಲ. ಮನೆಯಲ್ಲಿ ರೊಟ್ಟಿ ತಿಂದು, ಬಿಸಿಲು ಬಿದ್ದ ಮೇಲೆ 10 ಗಂಟೆಗೆ ಹೋಗಿ, ಬಿಸಿಲು ತಾಗುವ ದಡಕ್ಕೇ ಹೋಗಿ. ಚಳಿಗಾಲದಲ್ಲಿ ಬೇಗ ಎದ್ದು ನಾನು ಪಡೆದದ್ದು ನೆಗಡಿ ಮಾತ್ರ.

ಹೇಮಾವತಿಯ ಹಿನ್ನೀರಿನ ಲೆಕ್ಕ ಬೇರೆ. ಮೂಡಿಗೆರೆ ತಾಲೂಕಿನ ಜಾವಳಿಯಲ್ಲಿ ಹುಟ್ಟಿ ಬಂದ ಹೊಳೆಗೆ ಗೊರೂರಿನಲ್ಲಿ 1979ರ ಹೊತ್ತಿಗೆ ಅಣೆಕಟ್ಟು ಮುಗಿಯಿತು. ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2922 ಅಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿಯ ಚರ್ಚಿನ ಸುತ್ತ ನಡೆದಾಡಬಹುದು, ಮಳೆಗಾಲದಲ್ಲಿ ಅದೇ ಗೋಡೆಗಳು ನೀರಿನಲ್ಲಿ ನಿಂತಿರುತ್ತವೆ. ಗಾಳ ಹಾಕುವವನಿಗೆ ಆ ಬೇಸಿಗೆ ತುಂಬಾ ಮುಖ್ಯ. ಆಗ ಹೋಗಿ ಸುಮ್ಮನೆ ನಡೆದು ಬನ್ನಿ, ರಾಡು ಬೇಡ. ಹಳೆಯ ಗದ್ದೆಯ ಬದು ಎಲ್ಲಿದೆ, ಮರದ ಬುಡ ಎಲ್ಲಿದೆ, ಹಳ್ಳ ಎಲ್ಲಿ ತಿರುಗುತ್ತದೆ ಎಂದು ಕಣ್ಣಲ್ಲಿ ಇಟ್ಟುಕೊಳ್ಳಿ. ನೀರು ಏರಿದ ಮೇಲೆ ಮೀನು ನಿಲ್ಲುವುದು ಅಲ್ಲೇ. ತುಂಬುವಾಗ ಹುಲ್ಲಿನ ಮೇಲೆ ಹೊಸ ನೀರು ಹತ್ತುತ್ತದಲ್ಲ, ಹುಳ, ಕಪ್ಪೆ ಎಲ್ಲ ತೇಲಿ ಬರುತ್ತವೆ, ಮೀನೂ ಹಿಂದೆಯೇ ಮೊಣಕಾಲುದ್ದ ನೀರಿಗೆ ಬರುತ್ತದೆ.

ಕಪ್ಪೆಗೆ ಬೇಸರ ಮಾಡಿಕೊಂಡ ಮೀನಿಗೆ ಬೇರೆ ಗಾಳ ಬೇಕಾಗುತ್ತದೆ. ಸ್ಪಿನ್ನರ್‌ಬೇಟ್ ನನಗೆ ಇಷ್ಟ. ತಂತಿ ಬಾಗಿ ಕೊಕ್ಕೆಗೆ ತಾನೇ ಬೇಲಿಯಾಗುತ್ತದೆ, ತಗಡು ಗಿರಗಿರ ತಿರುಗಿ ಕೆಂಪು ನೀರಿನಲ್ಲೂ ಅದರ ನಡುಕ ಮೀನಿಗೆ ಮುಟ್ಟುತ್ತದೆ. ಗಾಳಿ ಬೀಸಿ ಅಲೆ ಎದ್ದ ದಿನ, ಗಾಳಿ ಬಂದು ಬಡಿಯುವ ದಡದಲ್ಲಿ ಅದನ್ನು ಎಳೆಯಿರಿ. ನೀರಿನ ಮೇಲೆ ತೇಲಿ ಸದ್ದು ಮಾಡುವ ಪಾಪರ್ ತೆರೆದ ನೀರಿಗೆ ಮಾತ್ರ, ಅದರ ಕೊಕ್ಕೆಗಳು ಹೊರಗಿರುತ್ತವೆ, ಜೊಂಡಿಗೆ ಹಾಕಿದರೆ ಗಾಳವೂ ಹೋಯಿತು ಹಣವೂ ಹೋಯಿತು. ಕ್ರ್ಯಾಂಕ್‌ಬೇಟ್ ಎಳೆದಾಗ ಓಲಾಡುತ್ತಾ ನೀರಿನೊಳಗೆ ಇಳಿಯುವ ನಕಲಿ ಮೀನು, ಅದು ಹಿನ್ನೀರಿನ ಕಲ್ಲಿನ ದಡಕ್ಕೆ ಸರಿ, ಕೆರೆಗೆ ಬೇಡ. ರಬ್ಬರ್ ಹುಳವನ್ನು ಟೆಕ್ಸಸ್ ರೀತಿಯಲ್ಲಿ ಕಟ್ಟಬಹುದು. ಮುಂದೆ ಗುಂಡಿನಾಕಾರದ ಸಣ್ಣ ಸೀಸ, ಕೊಕ್ಕೆಯ ಮೊನೆಯನ್ನು ಹುಳದ ಮೈಯೊಳಗೇ ಅಡಗಿಸಿಡುವುದು. ಮೀನು ಮೇಲೆ ಬರಲು ಒಲ್ಲದ ನಡುಹಗಲಿನಲ್ಲಿ ಜೊಂಡಿನ ತೂತಿನೊಳಗೆ ಇಳಿಬಿಟ್ಟು ನಿಧಾನವಾಗಿ ಎತ್ತಿ ಬಿಡಿ. ಅಜ್ಜನ ಎರೆಹುಳದ ಆಟಕ್ಕೆ ಇದು ಹತ್ತಿರದ್ದು, ನನಗೆ ಅದಕ್ಕೇ ಪ್ರೀತಿ.

ಗಾಳ ಎಲ್ಲಿ ಹಾಕಬಾರದು ಎಂಬುದನ್ನೂ ಹೇಳಬೇಕು. ಕೆರೆಗಳನ್ನು ಮೀನು ಸಾಕಲು ಗುತ್ತಿಗೆ ಹಿಡಿದವರಿರುತ್ತಾರೆ, ಅವರನ್ನು ಕೇಳಿಯೇ ಇಳಿಯಿರಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದೊಳಗೆ ಗಾಳ ತೆಗೆಯಲೇಬೇಡಿ. ಅರಕಲಗೂಡು ತಾಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಮೀನುಗಳು, ಶೃಂಗೇರಿಯಲ್ಲಿ ತುಂಗೆಯ ಮೀನುಗಳು ದೇವರ ಮೀನುಗಳು. ಅವಕ್ಕೆ ಪುರಿ ಹಾಕಿ, ಕೈ ಮುಗಿದು ಬನ್ನಿ. ಕಾವೇರಿಯ ಬಿಳಿ ಮೀನು, ಆ ಗೂನು ಬೆನ್ನಿನ ಮಹಶೀರ್, ಇವತ್ತು ಪ್ರಪಂಚದಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ಅದಕ್ಕೊಂದು ಸರಿಯಾದ ವೈಜ್ಞಾನಿಕ ಹೆಸರು ನಿಕ್ಕಿಯಾದದ್ದೇ 2018ರಲ್ಲಿ. ಹೆಸರು ಸಿಗುವ ಹೊತ್ತಿಗೆ ಮೀನೇ ಹೋಗುವ ಸ್ಥಿತಿ ಬಂದಿತ್ತು.

ಹೋದ ಸಲ ಒಬ್ಬ ಹುಡುಗ ನನ್ನನ್ನು ಕೇಳಿದ, ‘ಸಾರ್, ಬಾಸ್ ಮರಿಗಳನ್ನೇ ಎಲ್ಲಿಂದಾದರೂ ತಂದು ನಮ್ಮ ಕೆರೆಗೆ ಬಿಟ್ಟರೆ ಹೇಗೆ?’ ಆಸೆಯಿಂದ ಕೇಳಿದ ಪ್ರಶ್ನೆ, ಬೈಯಲಿಲ್ಲ. ಜಪಾನಿನ ವಿಷಯ ಹೇಳಿದೆ, ನಿಮಗೂ ಹೇಳುತ್ತೇನೆ.

1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಎಂಬ ರೈತ ಹುಡುಗ ಹತ್ತು ಕಿಲೋಗೂ ಸ್ವಲ್ಪ ಮೇಲಿನ ಬಾಸ್ ಹಿಡಿದ. ಬಡತನದ ಕಾಲ, ಅವನಿಗೂ ಅವನ ಗೆಳೆಯನಿಗೂ ಸೇರಿ ಇದ್ದದ್ದು ಒಂದೇ ನಕಲಿ ಮೀನು. ತೂಕ ಮಾಡಿಸಿ ಮನೆಗೆ ತಂದು ಅಡುಗೆ ಮಾಡಿ ತಿಂದರು. ಬಾಸ್ ತೂಕದ ಆ ವಿಶ್ವದಾಖಲೆಯನ್ನು 77 ವರ್ಷ ಯಾರೂ ಮುಟ್ಟಲಿಲ್ಲ. 2009ರ ಜುಲೈ 2ರಂದು ಅದನ್ನು ಸರಿಗಟ್ಟಿದವರು ಜಪಾನಿನ ಬೀವಾ ಸರೋವರದಲ್ಲಿ ಗಾಳ ಹಾಕುತ್ತಿದ್ದ ಮನಾಬು ಕುರಿತಾ. ಅವರು ಗಾಳಕ್ಕೆ ಸಿಕ್ಕಿಸಿದ್ದು ಬ್ಲೂಗಿಲ್ ಎಂಬ ಸಣ್ಣ ಮೀನು. ಈಗ ಕೇಳಿ. ಬಾಸ್ ಜಪಾನಿನದಲ್ಲ, 1925ರಲ್ಲಿ ಆಶಿ ಸರೋವರಕ್ಕೆ ತಂದು ಬಿಟ್ಟದ್ದು. ಬ್ಲೂಗಿಲ್ ಕೂಡ ಜಪಾನಿನದಲ್ಲ, 1960ರಲ್ಲಿ ಅಂದಿನ ಯುವರಾಜ ಅಕಿಹಿತೊ ಅಮೆರಿಕಕ್ಕೆ ಹೋದಾಗ ಉಡುಗೊರೆಯಾಗಿ ಬಂದದ್ದು. ಎರಡೂ ಸೇರಿ ಬೀವಾದ ನಾಡ ಮೀನುಗಳನ್ನು ತಿಂದು ತೇಗಿದವು. 2003ರಿಂದ ಆ ಸರೋವರದಲ್ಲಿ ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವುದನ್ನೇ ಅಲ್ಲಿಯ ಆಡಳಿತ ನಿಷೇಧಿಸಿತು. 2007ರಲ್ಲಿ, ಚಕ್ರವರ್ತಿಯಾಗಿದ್ದ ಅಕಿಹಿತೊ ಬೀವಾದ ನಾಡಿಗೇ ಬಂದು, ಬ್ಲೂಗಿಲ್ ತಂದದ್ದಕ್ಕೆ ಮನಸ್ಸಿಗೆ ನೋವಾಗಿದೆ ಎಂದು ಎಲ್ಲರೆದುರು ಹೇಳಿಕೊಂಡರು. ಚಕ್ರವರ್ತಿ ನೊಂದುಕೊಂಡರೂ ಮೀನು ವಾಪಸು ಹೋಗುವುದಿಲ್ಲ. ನಮ್ಮ ಕೆರೆಗಳಲ್ಲಿ ಹೊರಗಿನಿಂದ ಬಂದ ಜಿಲೇಬಿಯೂ ಆಫ್ರಿಕನ್ ಕ್ಯಾಟ್‌ಫಿಶ್ಶೂ ಏನು ಮಾಡಿವೆ ಎಂದು ಬಲೆ ಹಾಕುವವರನ್ನು ಕೇಳಿ. ಬಾಸ್ ಹಿಡಿಯುವ ಜಾಣತನ ನಮಗೆ ಬರಲಿ. ಬಾಸ್ ಬರುವುದು ಬೇಡ.

ಕೊನೆಗೆ ಒಂದು ವಿಷಯ ಉಳಿದಿದೆ. ಇದನ್ನು ಹೇಳಲೆಂದೇ ನಾನು ಇವತ್ತು ಒಪ್ಪಿಕೊಂಡು ಬಂದದ್ದು.

ಮೃಗಶಿರೆ, ಆರಿದ್ರೆ ಮಳೆ ಬಿದ್ದು ಕೆರೆಗೆ ಹೊಸ ನೀರು ಬಂದ ಮೇಲೆ ಜೊಂಡಿನ ಬದಿಯಲ್ಲಿ ನೀವು ಒಂದು ನೋಟ ಕಾಣುತ್ತೀರಿ. ಮಳೆ ಇಲ್ಲ, ಆದರೂ ಮೊರದಗಲ ಜಾಗದಲ್ಲಿ ಸಣ್ಣ ಹನಿ ಬಿದ್ದಂತೆ ನೀರು ಚಿಟಿಚಿಟಿ ಎನ್ನುತ್ತಿರುತ್ತದೆ. ಹತ್ತಿರ ಹೋಗಿ ನೋಡಿದರೆ ಕೆಂಪಗೆ, ಕೆಂಡದ ಪುಡಿ ಚೆಲ್ಲಿದ ಹಾಗೆ ನೂರಾರು ಮರಿಗಳು. ಕುಚ್ಚಿನ ಮರಿಗಳು. ಅವೂ ಗಾಳಿ ಕುಡಿಯಲು ಮೇಲೆ ಬರಬೇಕಲ್ಲ, ಒಟ್ಟಿಗೆ ಬರುತ್ತವೆ. ಅವುಗಳ ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಆ ಮರಿಗಳ ಮೇಲೆ ಏನು ಬಿದ್ದರೂ ಅವು ಹೊಡೆಯುತ್ತವೆ. ಹಸಿವಿಗಲ್ಲ, ಮರಿಗಳಿಗಾಗಿ. ಇದು ಗಾಳದವರಿಗೆಲ್ಲ ಗೊತ್ತಿರುವ ಗುಟ್ಟು. ಮರಿಯ ಗುಂಪಿನ ಮೇಲೆ ನಾಲ್ಕು ಸಲ ಕಪ್ಪೆ ಎಳೆದರೆ ಐದನೆಯದಕ್ಕೆ ದೊಡ್ಡ ಮೀನು ಕೈಯಲ್ಲಿರುತ್ತದೆ.

ನಾನೂ ಮಾಡಿದ್ದೇನೆ. ಹತ್ತು ವರ್ಷದ ಹಿಂದೆ, ಮಾವನ ಊರಿನ ಕೆರೆಯಲ್ಲಿ. ಹೊಸ ರಾಡು, ಜೊತೆಗೆ ಇಬ್ಬರು ಭಾವಮೈದುನರು. ಒಂದೇ ಬೆಳಿಗ್ಗೆ ಎರಡು ಮೀನು, ಎರಡೂ ಮೊಳಕೈಗಿಂತ ಉದ್ದ. ಮನೆಯಲ್ಲಿ ಹುಣಸೆಹುಳಿ ಹಿಂಡಿ ಸಾರು ಮಾಡಿದರು, ಅಕ್ಕಿ ರೊಟ್ಟಿಯ ಜೊತೆ ಎಲ್ಲರೂ ಉಂಡೆವು. ಸಂಜೆ ಮತ್ತೆ ಅದೇ ಜಾಗಕ್ಕೆ ಹೋದೆ. ಮರಿಗಳು ಇನ್ನೂ ಅಲ್ಲೇ ಇದ್ದವು, ಗುಂಪು ಮಾತ್ರ ಒಡೆದಿತ್ತು. ಇಲ್ಲೊಂದಿಷ್ಟು, ಅಲ್ಲೊಂದಿಷ್ಟು. ಸುತ್ತಲೂ ಜಿಲೇಬಿಗಳು ಬಾಯಿ ಹಾಕುತ್ತಿದ್ದವು, ದಡದಲ್ಲಿ ಎರಡು ಬೆಳ್ಳಕ್ಕಿ ಹೆಕ್ಕುತ್ತಿದ್ದವು. ಓಡಿಸಲು ಯಾರೂ ಇರಲಿಲ್ಲ. ಓಡಿಸಬೇಕಾದವರನ್ನು ನಾವು ಮಧ್ಯಾಹ್ನ ತಿಂದಿದ್ದೆವು. ಮಾರನೆಯ ದಿನ ಹೋದಾಗ ನೀರು ತಣ್ಣಗಿತ್ತು, ಒಂದು ಚಿಟಿಕೆಯೂ ಇರಲಿಲ್ಲ.

ಬಾಸ್ ಊರಿನಲ್ಲೂ ಇದೇ ಕತೆ. ಅಲ್ಲಿ ಗಂಡು ಮೀನು ಗೂಡು ಕಾಯುತ್ತದೆ, ಅದನ್ನು ಎತ್ತಿದ ಸ್ವಲ್ಪ ಹೊತ್ತಿಗೇ ಬ್ಲೂಗಿಲ್‌ಗಳು ಮೊಟ್ಟೆಗೆ ನುಗ್ಗುತ್ತವೆ. ನಮ್ಮ ಅಜ್ಜಂದಿರು ಮಳೆಗೆ ನೀರಿನೆದುರು ಹತ್ತಿ ಬರುವ ಮೀನು ಕಡಿದದ್ದು ಉಂಟು, ಕೂಣಿ ಎಂಬ ಬಿದಿರಿನ ಮೀನುಬುಟ್ಟಿ ಇಟ್ಟದ್ದು ಉಂಟು, ನಾನು ಯಾರಿಗೂ ಮೀನು ತಿನ್ನಬೇಡಿ ಎನ್ನುವುದಿಲ್ಲ. ನಾನೂ ತಿನ್ನುತ್ತೇನೆ. ಮರಿ ಕಾಯುವ ಮೀನಿಗೆ ಗಾಳ ಹಾಕಬೇಡಿ, ಇಷ್ಟೇ ನನ್ನ ಕೇಳಿಕೆ. ಕೆಂಪು ಮರಿ ಕಂಡರೆ ರೀಲು ಸುತ್ತಿಕೊಂಡು ಕೆರೆಯ ಇನ್ನೊಂದು ಬದಿಗೆ ಹೋಗಿ. ಆ ಜಾಗವನ್ನು ಜೊತೆಯವರಿಗೂ ಹೇಳಬೇಡಿ, ಫೋಟೊ ಹಾಕಬೇಡಿ.

ಬೇರೆ ಹೊತ್ತಿನಲ್ಲಿ ಹಿಡಿದ ಮೀನು ಬೇಡವೆಂದಾದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಅದರ ಮೈಯ ಲೋಳೆಯೇ ಅದಕ್ಕೆ ರಕ್ಷೆ. ಬಿಸಿ ಕಲ್ಲಿನ ಮೇಲೆ ಮಲಗಿಸಬೇಡಿ. ತುಂಡಾದ ದಾರವನ್ನು ಜೇಬಿಗೆ ಹಾಕಿಕೊಂಡು ಬನ್ನಿ, ನೀರುಕಾಗೆಯ ಕಾಲಿಗೆ ಸುತ್ತಿದ್ದನ್ನು ಬಿಡಿಸಿದವನು ನಾನು. ಮತ್ತೆ ಕೊಕ್ಕೆಯ ಒಳಗಿರುವ ಆ ಸಣ್ಣ ಮುಳ್ಳು, ಅದು ಮೀನಿನ ದವಡೆಯನ್ನೂ ನಿಮ್ಮ ಬೆರಳನ್ನೂ ಒಂದೇ ರೀತಿ ಹರಿಯುತ್ತದೆ. ದಾರ ಬಿಗಿಯಾಗಿದ್ದರೆ ಮುಳ್ಳಿಲ್ಲದ ಕೊಕ್ಕೆಯಲ್ಲೂ ಮೀನು ನಿಲ್ಲುತ್ತದೆ, ಎಂಟು ವರ್ಷದಿಂದ ನಾನು ಹಾಗೇ ಹಿಡಿಯುತ್ತಿದ್ದೇನೆ.

ಈಗ ನಿಮ್ಮ ಡಬ್ಬಿಗಳಿಂದ ಕಪ್ಪೆಗಳನ್ನು ಹೊರಗೆ ತೆಗೆಯಿರಿ. ಇಕ್ಕಳ ತಂದಿದ್ದೇನೆ. ಒಬ್ಬೊಬ್ಬರಾಗಿ ಬನ್ನಿ, ಮುಳ್ಳು ಒತ್ತಿಕೊಡುತ್ತೇನೆ.